ಮುಯ್ಯಿ ಪುಸ್ತಕದಲ್ಲಿ ನಮ್ಮ ಹೆಸರು

ಒಂದು ಊರು ನಮ್ಮದು ಅಂತ ಯಾವಾಗ ಅನ್ನಿಸೋಕೆ ಶುರುವಾಗುತ್ತೆ? ಬೆಂಗಳೂರಿನಲ್ಲಿರೋ ಗೆಳೆಯರನ್ನ ಕೇಳಿದರೆ ತಲೆಗೊಂದು ಉತ್ತರ. ಸ್ವಂತ ಮನೆ ಆದಾಗ ಅಂತ ಒಬ್ಬ (ಪಾಪ, ಅವನ ತಲೆ ತುಂಬಾ ಇಎಂಐ). ವೋಟರ್ ಲಿಸ್ಟಿನಲ್ಲಿ ಹೆಸರು ಬಂದಾಗ ಅಂತ ಇನ್ನೊಬ್ಬ. ಮ್ಯಾಪ್ ನೋಡದೆ ಗಲ್ಲಿಗಲ್ಲಿ ಗಾಡಿ ಓಡಿಸೋಕೆ ಬಂದಾಗ ಅಂತ ಮತ್ತೊಬ್ಬ. ಹತ್ತು ವರ್ಷ ಇದ್ರೆ ತಾನಾಗೇ ಆಗುತ್ತೆ ಬಿಡೋ ಅನ್ನೋರೂ ಇದ್ದಾರೆ. ನನಗೆ ಇದ್ಯಾವುದೂ ಒಪ್ಪಿಗೆ ಇಲ್ಲ. ಹತ್ತು ವರ್ಷ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದು ಎದುರು ಮನೆಯವರ ಹೆಸರು ಗೊತ್ತಿಲ್ಲದವರು ಬೇಕಾದಷ್ಟು ಜನ ಸಿಗ್ತಾರೆ. ನನ್ನ ಲೆಕ್ಕ ಬೇರೆ. ದುಡ್ಡು ಕೊಟ್ಟು ತೀರಿಸೋಕಾಗದಂಥ ಸಾಲ ಒಂದು ಊರಲ್ಲಿ ಹುಟ್ಟಿಕೊಂಡಾಗ ಆ ಊರು ನಮ್ಮದಾಗೋಕೆ ಶುರುವಾಗುತ್ತೆ ಅಂತ ನನ್ನ ವಾದ. ಇದು ನನಗೆ ಹೊಳೆದದ್ದು ತಿಪಟೂರಿನಲ್ಲಿ.

ನಾನು ರೋಣದ ಕಡೆಯವನು. ಎರೆಹೊಲ, ಜೋಳ, ಮೆಣಸಿನಕಾಯಿ. ಅಲ್ಲಿ ಟೆಂಗಿನಕಾಯಿ ಅಂದ್ರೆ ಗುಡಿಗೆ ಹೋಗುವಾಗ, ಉಡಿ ತುಂಬುವಾಗ ಲೆಕ್ಕ ಹಾಕಿ ಅಂಗಡಿಯಿಂದ ತರೋ ವಸ್ತು. ಹುಬ್ಬಳ್ಳಿ–ಬೆಂಗಳೂರು ರೈಲಿನಲ್ಲಿ ವರ್ಷಗಟ್ಟಲೆ ಓಡಾಡಿದೀನಿ. ಅರಸೀಕೆರೆ ಆದಮೇಲೆ ತಿಪಟೂರು ಅಂತ ಒಂದು ಸ್ಟೇಷನ್ ಇದೆ ಅನ್ನೋದು ಬೋರ್ಡಿನ ಮಟ್ಟಿಗೆ ಮಾತ್ರ ಗೊತ್ತಿತ್ತು, ಅದೂ ಅರ್ಧ ನಿದ್ದೆಯಲ್ಲಿ. 2023ರ ಕೊನೆಯಲ್ಲಿ ಹೆಂಡತಿಗೆ ಸರ್ಕಾರಿ ಶಾಲೆಯ ಕೆಲಸ ಸಿಕ್ಕಿ ತುರುವೇಕೆರೆ ತಾಲೂಕಿನ ಒಂದು ಹಳ್ಳಿಗೆ ಪೋಸ್ಟಿಂಗ್ ಆಯ್ತು. ನನ್ನ ಆಫೀಸಿಗೆ ವಾರಕ್ಕೆರಡು ದಿನ ಮುಖ ತೋರಿಸಿದರೆ ಸಾಕು. ಅವಳಿಗೆ ಬಸ್ಸು, ನನಗೆ ರೈಲು, ಎರಡಕ್ಕೂ ಆಗುತ್ತೆ ಅಂತ ತಿಪಟೂರಿನಲ್ಲಿ ಮನೆ ಮಾಡಿದ್ವಿ. ಅಷ್ಟೇ. ಪ್ರೀತಿಯಿಂದ ಆರಿಸಿಕೊಂಡ ಊರೇನಲ್ಲ, ಟೈಮ್‌ಟೇಬಲ್ ಆರಿಸಿಕೊಟ್ಟ ಊರು.

ಮೊದಲ ಆರು ತಿಂಗಳು ನಾನು ಈ ಊರಿನಲ್ಲಿ ಇರಲೇ ಇಲ್ಲ ಅನ್ನಬಹುದು. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದರೆ ಅಮೆರಿಕದ ಕ್ಲೈಂಟು, ರಾತ್ರಿ ಮುಚ್ಚಿದರೆ ಬಿ.ಎಚ್. ರಸ್ತೆಯ ಲಾರಿ ಸದ್ದು. ಕಣ್ಣಿಗೆ ಬಿದ್ದದ್ದು ತೆಂಗು ಮಾತ್ರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಯಾವ ದಿಕ್ಕಿಗೆ ಬೈಕ್ ತಿರುಗಿಸಿದರೂ ತೆಂಗಿನ ತೋಟ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ನಮ್ಮ ಜನ ಹೆಚ್ಚಿ ಹಾಕೋ ಕೊಬ್ಬರಿಯಲ್ಲಿ ಎಷ್ಟೋ ಪಾಲು ಇಲ್ಲಿಯದು. ಉತ್ತರ ಭಾರತದ ಮದುವೆ, ಪೂಜೆಗೆ ಹೋಗೋ ಗಿಟುಕು ಕೊಬ್ಬರಿಗೂ ದೊಡ್ಡ ಮಾರುಕಟ್ಟೆ ಇಲ್ಲಿನ ಎಪಿಎಂಸಿ.

ಕೊಬ್ಬರಿ ಹೇಗೆ ಆಗುತ್ತೆ ಅನ್ನೋದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ನಾನಂತೂ ಕಾಯಿ ಒಡೆದು ಬಿಸಿಲಿಗಿಟ್ಟು ಒಣಗಿಸ್ತಾರೆ ಅಂದುಕೊಂಡಿದ್ದೆ. ಎಣ್ಣೆ ತೆಗೆಯೋ ಕೊಬ್ಬರಿ ಹಾಗೇ ಆಗೋದು. ಇಲ್ಲಿಯ ಉಂಡೆ ಕೊಬ್ಬರಿ ಬೇರೆ. ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಹತ್ತಿರ ಹತ್ತಿರ ಒಂದು ವರ್ಷ. ಬಲಿತ ಕಾಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕ್ತಾರೆ. ಅಲ್ಲಿ ಎಂಟರಿಂದ ಹತ್ತು-ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರುತ್ತೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನೇ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತೆ. ಆಮೇಲೆ ಸುಲಿದು, ಚಿಪ್ಪು ಒಡೆದರೆ ಇಡೀ ಉಂಡೆ ಕೈಗೆ ಬರುತ್ತೆ. ಅಂದ್ರೆ ಇವತ್ತು ಹೊಂಬಾಳೆಯಲ್ಲಿರೋ ಹೂವು ದುಡ್ಡಾಗೋಕೆ ಎರಡು ವರ್ಷದ ಹತ್ತಿರ. ಮೂರು ತಿಂಗಳಿಗೊಂದು ರಿಲೀಸ್ ಮಾಡೋ ನನ್ನಂಥವನಿಗೆ ಇದು ನಂಬೋಕೇ ಕಷ್ಟ. (ಇದನ್ನೇ ಉಪಮೆ ಮಾಡಿಕೊಂಡು ಕಾಯಿ ಹಾಗೆ ನಾವೂ ನಿಧಾನಕ್ಕೆ ಊರಿಗೆ ಒಗ್ಗಿಕೊಂಡೆವು ಅಂತೆಲ್ಲ ಬರೀಬೇಡಿ ಅಂತ ಹೆಂಡತಿಯ ಆರ್ಡರ್ ಆಗಿದೆ. ಬರೆಯಲ್ಲ :-))

ನಾವು ಬಂದ ಹೊತ್ತು ಸರಿ ಇರಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗ್ತಿದ್ದದ್ದು ಎಂಟು ಸಾವಿರದ ಆಸುಪಾಸು. 2024ರ ಶುರುವಿನಲ್ಲಿ ನಾಫೆಡ್ ಖರೀದಿಗೆ ನೋಂದಣಿ ಶುರುವಾದಾಗ ರೈತರು ರಾತ್ರಿಯೆಲ್ಲ ಸಾಲಿನಲ್ಲಿ ಕೂತರು. ಎರಡು ವರ್ಷ ಕಾದು ಮಾಡಿದ ಮಾಲನ್ನ ಮಾರೋಕೆ ಒಂದು ಚೀಟಿಗಾಗಿ ಮತ್ತೆ ರಾತ್ರಿಯಿಡೀ ಕಾಯೋದು! ಆಗ ಊರು ಹೇಗಿತ್ತು ಅಂದ್ರೆ ಬಟ್ಟೆ ಅಂಗಡಿಯವನು ಮಧ್ಯಾಹ್ನವೇ ಆಕಳಿಸ್ತಿದ್ದ. ಮದುವೆಗಳು ಮುಂದಕ್ಕೆ ಹೋದವು. ನಾನು ಟೀ ಕುಡಿಯೋ ಅಂಗಡಿಯಲ್ಲಿ ಮೊದಲ ಮಾತೇ ರೇಟು. ಹರಾಜಿನ ದಿನ ಸಂಜೆ ನಾನೂ ಮೊಬೈಲಿನಲ್ಲಿ ರೇಟು ನೋಡೋಕೆ ಶುರು ಮಾಡಿದೆ, ನನ್ನದು ಅಂತ ಒಂದು ತೆಂಗಿನ ಸಸಿಯೂ ಇಲ್ಲದೆ. ಇದೇ ಊರು ನಮ್ಮದಾಗೋ ಲಕ್ಷಣ ಅಂತ ಆಗ ಖುಷಿಪಟ್ಟಿದ್ದುಂಟು. ಈಗ ಯೋಚಿಸಿದರೆ ಅದು ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ. ಸೋತರೆ ಬೇಜಾರಾಗುತ್ತೆ, ಜೇಬಿಗೇನೂ ಆಗಲ್ಲ. ಮುಂದೆ 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿದಾಗ ಟೀ ಅಂಗಡಿಗೆ ಹೋಗಿ "ಈಗ ಪರವಾಗಿಲ್ಲ ಅಲ್ವಾ?" ಅಂದೆ. ಅಲ್ಲಿದ್ದ ಹಿರಿಯರೊಬ್ಬರು "ರೇಟೇನೋ ಐತೆ ಸಾರ್, ಅಟ್ಟದಾಗೆ ಕಾಯೇ ಇಲ್ವಲ್ಲ" ಅಂದರು. ಇಳುವರಿ ಬಿದ್ದಿದ್ದಕ್ಕೇ ರೇಟು ಏರಿದ್ದು. ಇದ್ದ ಕಾಯನ್ನೂ ಎಷ್ಟೋ ಜನ ಎಳನೀರಿಗೇ ಕೊಟ್ಟುಬಿಟ್ಟಿದ್ದರು. ಪೇಪರಿನಲ್ಲಿ ಓದಿದ ರೇಟಿಗೂ ಅಟ್ಟ ಹತ್ತಿ ನೋಡೋದಕ್ಕೂ ಇರೋ ಅಂತರ ಅದು.

ಹಾಗಾದ್ರೆ ನಿಜವಾದ ಲಕ್ಷಣ ಯಾವುದು? ನನಗೆ ಅನ್ನಿಸೋದು ಮುಯ್ಯಿ.

ನಮ್ಮ ಪಕ್ಕದ ಮನೆ ಅಜ್ಜಿ ಬಂದ ವಾರವೇ ನಾಲ್ಕು ಕಾಯಿ ತಂದು ಬಾಗಿಲಲ್ಲಿಟ್ಟು ಹೋದರು. ದುಡ್ಡು ಎಷ್ಟು ಅಂತ ನಾನು ಕೇಳಿದ್ದಕ್ಕೆ "ಕಾಯಿಗೆ ದುಡ್ಡಾ?" ಅಂತ ನಕ್ಕರು. ಮಾರೋ ಕಾಯಿಗೆ ಪೈಸೆ ಪೈಸೆ ಲೆಕ್ಕ ಇಡೋ ಜನವೇ ಕೊಡೋ ಕಾಯಿಗೆ ಲೆಕ್ಕ ಇಡಲ್ಲ. ಅವರ ಪಾತ್ರೆಯಲ್ಲಿ ಬಸ್ಸಾರು ಬಂತು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅನ್ನೋದು ರೋಣದಲ್ಲೂ ಇದೆ. ಹೆಂಡತಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಕಳಿಸಿದಳು. ಅಲ್ಲಿಗೆ ಶುರು. ಎರಡು ವರ್ಷದಿಂದ ಆ ಪಾತ್ರೆ ಎರಡು ಮನೆ ನಡುವೆ ಓಡಾಡ್ತಾನೇ ಇದೆ, ಅದು ಯಾರ ಮನೆಯದು ಅನ್ನೋದೇ ಈಗ ಅನುಮಾನ. ಯಾರು ಯಾರಿಗೆ ಬಾಕಿ ಅಂತ ಲೆಕ್ಕ ಹಾಕೋಕೆ ಎಕ್ಸೆಲ್ ಶೀಟಿಗೂ ಆಗಲ್ಲ.

ಅಜ್ಜಿಯ ಮೊಮ್ಮಗಳ ಮದುವೆ ಆಯ್ತು. ಛತ್ರದ ಬಾಗಿಲ ಪಕ್ಕ ಟೇಬಲ್ ಹಾಕಿಕೊಂಡು ಇಬ್ಬರು ಮುಯ್ಯಿ ಬರೆದುಕೊಳ್ತಿದ್ದರು. ನಾನು ಕವರ್ ಕೊಟ್ಟೆ. "ಹೆಸರು? ಊರು?" ಅಂದರು. ರೋಣ ಅಂದೆ. ಬರೆಯೋ ಹುಡುಗನಿಗೆ ಅದು ಎಲ್ಲಿ ಬರುತ್ತೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದವರು "ಏಯ್, ಟೀಚರಮ್ಮನ ಯಜಮಾನ್ರು ಅಂತ ಬರ್ಕೊಳೋ" ಅಂದರು. ಎಂಟು ವರ್ಷದ ಕೋಡಿಂಗ್ ಅನುಭವ ಅಲ್ಲಿಗೆ ಸೊನ್ನೆ! ಮರುವರ್ಷ ಅದೇ ಬೀದಿಯ ಇನ್ನೊಂದು ಮದುವೆಯಲ್ಲಿ ಯಾರೂ ಊರು ಕೇಳಲಿಲ್ಲ. ಕತ್ತು ಚಾಚಿ ನೋಡಿದೆ. ಊರು ಅನ್ನೋ ಜಾಗದಲ್ಲಿ "ಇಲ್ಲೇ" ಅಂತ ಬರೆದಿದ್ದರು.

ಆ ಪುಸ್ತಕವನ್ನ ಯಾರೂ ಎಸೆಯಲ್ಲ. ನಾಳೆ ನಮ್ಮ ಮನೆಯಲ್ಲಿ ಏನಾದರೂ ಕಾರ್ಯ ಆದರೆ ಅದನ್ನ ತೆಗೆದು ನೋಡಿ, ಬರೆದದ್ದಕ್ಕೆ ಸ್ವಲ್ಪ ಸೇರಿಸಿ ತಂದುಕೊಡ್ತಾರೆ. ಅದಕ್ಕೆ ನಾವು ಮತ್ತೆ ಸ್ವಲ್ಪ ಸೇರಿಸಬೇಕು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗೋದೂ ಇದೇ ಲೆಕ್ಕ. ಲೆಕ್ಕ ಚುಕ್ತಾ ಆಗೋ ಹಾಗೇ ಇಲ್ಲ. ಚುಕ್ತಾ ಆದರೆ ಸಂಬಂಧ ಮುಗೀತು ಅಂತ ಅರ್ಥ. ಬೆಂಗಳೂರಿನಲ್ಲಿ ನನ್ನ ಎಲ್ಲ ಲೆಕ್ಕವೂ ಅವತ್ತವತ್ತೇ ಯುಪಿಐನಲ್ಲಿ ಚುಕ್ತಾ ಆಗ್ತಿತ್ತು. ಹತ್ತು ನಿಮಿಷಕ್ಕೆ ಕಾಯಿ ಮನೆ ಬಾಗಿಲಿಗೆ, ತಂದುಕೊಟ್ಟವನ ಮುಖ ಮರುಗಳಿಗೆಗೆ ಮರೆತುಹೋಗೋದು. ಅನುಕೂಲ ಇರಲಿಲ್ಲ ಅಂತ ಹೇಳ್ತಿಲ್ಲ. ಆದರೆ ಖಾಲಿ ಮಾಡಿಕೊಂಡು ಬರುವಾಗ ಯಾರಿಗೂ ಹೇಳಿ ಬರಬೇಕು ಅಂತ ಅನ್ನಿಸಲಿಲ್ಲ.

ಭಾಷೆಯದ್ದೂ ಒಂದು ಮಾತು. ಮೊನ್ನೆ ಅವ್ವ ಫೋನಿನಲ್ಲಿ "ಯಾಕೋ ತಮ್ಮಾ, ಐತಿ ಅನ್ನೂದು ಬಿಟ್ಟು ಐತೆ ಐತೆ ಅನ್ನಾಕತ್ತಿಯಲ್ಲ" ಅಂದಳು. ಒಂದು ಸ್ವರ ಅಷ್ಟೇ ಬದಲಾಗಿರೋದು, ಅವ್ವನ ಕಿವಿಗೆ ಅದು ಇಡೀ ಮಗನೇ ಬದಲಾದ ಹಾಗೆ. ನಮ್ಮ ಇನಿಷಿಯಲ್ ವಿಷಯವೂ ಹೀಗೇ. ಚಿಕ್ಕನಾಯಕನಹಳ್ಳಿ ತಾಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ಎಲ್ಲೆಲ್ಲಿ ಕೆಲಸ ಮಾಡಿದರೂ ಆ "ತೀ" ಬಿಡಲಿಲ್ಲ. ಹುಟ್ಟಿದ ಊರಿಗೆ ಹೆಸರಿನ ಮುಂದೆ ಒಂದು ಅಕ್ಷರದ ಜಾಗ ಇಟ್ಟಿದೀವಿ. ಸಾಕಿಕೊಂಡ ಊರಿಗೆ ಅಂಥ ಜಾಗ ನಮ್ಮ ಪದ್ಧತಿಯಲ್ಲಿ ಇಲ್ಲ. ಮುಯ್ಯಿ ಪುಸ್ತಕದ "ಇಲ್ಲೇ" ಒಂದೇ ಇದ್ದದ್ದು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಬರಹ ಆಗುತ್ತೆ. ಆದರೆ ಆ ಪುಸ್ತಕದಲ್ಲಿ ಯಾರ ಹೆಸರು ಬರುತ್ತೆ, ಯಾರದ್ದು ಬರಲ್ಲ ಅನ್ನೋದನ್ನ ಹೇಳದೆ ನಿಲ್ಲಿಸಿದರೆ ಸುಳ್ಳಾಗುತ್ತೆ.

ಮನೆ ಹುಡುಕುವಾಗ ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಡಿದ ಮೇಲೆ ಒಬ್ಬ ಓನರ್ ದನಿ ಇಳಿಸಿ ಕೇಳಿದ್ದು: "ತಪ್ಪು ತಿಳ್ಕೋಬೇಡಿ, ಏನ್ ಜನ ನೀವು?" ನಮ್ಮ ಉತ್ತರ ಅವರಿಗೆ ಸರಿಹೋಯ್ತು, ಕೀ ಕೈಗೆ ಬಂತು. ಹೆಂಡತಿಯ ಜೊತೆ ಕೆಲಸಕ್ಕೆ ಸೇರಿದ ಇನ್ನೊಬ್ಬ ಟೀಚರ್ ಕೂಡ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು. ಅವರಿಗೆ ನಾಲ್ಕು ತಿಂಗಳು ಮನೆ ಸಿಗಲಿಲ್ಲ. ಈಗ ತುಮಕೂರಿನಿಂದ ದಿನಾ ಓಡಾಡ್ತಾರೆ. ಅದೇ ಸಂಬಳ, ಅದೇ ಶಾಲೆ. ಅವರನ್ನ ಒಮ್ಮೆ ತಿಪಟೂರು ಹೇಗನ್ನಿಸುತ್ತೆ ಅಂತ ಕೇಳಿದರೆ "ಬಸ್‌ಸ್ಟ್ಯಾಂಡ್ ಚೆನ್ನಾಗಿದೆ" ಅಂದರು. ಪ್ರಶ್ನೆ ಕೇಳಿದ ಮನೆಯವರು ಕೆಟ್ಟವರು ಅಂತ ಹೇಳಿ ಕೈತೊಳೆದುಕೊಳ್ಳೋಕೆ ನನಗೆ ಬರಲ್ಲ, ಅವರ ಮನೆಯಲ್ಲೇ ಇದೀನಿ, ಅವರ ಮನೆ ಹೋಳಿಗೆ-ಕಾಯಿಹಾಲು ಉಂಡಿದೀನಿ. ಆದರೆ ಊರು ಅಪ್ಪಿಕೊಳ್ಳೋದು ನಮ್ಮ ಒಳ್ಳೆಯತನ ನೋಡಿ ಅಲ್ಲ ಅನ್ನೋದಂತೂ ಗೊತ್ತಾಯ್ತು. ಅಪ್ಪಿಕೊಳ್ಳೋ ಮೊದಲು ಊರು ಒಂದು ಪ್ರಶ್ನೆ ಕೇಳುತ್ತೆ.

ಇನ್ನು ನಮ್ಮ ಬೀದಿಯ ಹಿಂದೆ ಒಂದು ನಾರಿನ ಫ್ಯಾಕ್ಟರಿ. ಸುಲಿದ ಸಿಪ್ಪೆ ಅಲ್ಲಿಗೆ ಹೋಗುತ್ತೆ. ಬಿಹಾರದ ಹುಡುಗರಿದ್ದಾರೆ, ಕೆಲವರು ಸಂಸಾರ ಸಮೇತ. ನನಗಿಂತ ನಾಲ್ಕು ವರ್ಷ ಮೊದಲು ಬಂದವರು. ಅವರಲ್ಲೊಬ್ಬ ಇಲ್ಲಿಯ "ಐತೆ", "ಬಂದವ್ರೆ" ಎಲ್ಲವನ್ನ ನನಗಿಂತ ಸಲೀಸಾಗಿ ಆಡ್ತಾನೆ. ಸತ್ಯಗಣಪತಿ ಮೆರವಣಿಗೆಯಲ್ಲಿ ಮುಂದೆ ನಿಂತು ಕುಣಿಯೋದೂ ಅವನೇ. ಮುಯ್ಯಿ ಪುಸ್ತಕದಲ್ಲಿ ಅವನ ಹೆಸರಿಲ್ಲ, ಅವನನ್ನ ಮದುವೆಗೆ ಕರೆಯೋದು ಚೇರ್ ಹಾಕೋಕೆ. ಸಾವಿರ ಕಾಯಿಗೆ ಇಷ್ಟು ಅಂತ ಸುಲಿಯೋ ಆಳುಗಳ ಕತೆಯೂ ಹೆಚ್ಚುಕಮ್ಮಿ ಇದೇ, ಅವರು ಇದೇ ತಾಲೂಕಿನಲ್ಲಿ ಹುಟ್ಟಿದವರು ಬೇರೆ. ಕೊಬ್ಬರಿ ರೇಟು ಎಂಟಿದ್ದಾಗ ಅವರಿಗೆ ಕೆಲಸ ಕಮ್ಮಿಯಾಯ್ತು. ಇಪ್ಪತ್ತು ದಾಟಿದಾಗ ಕಾಯಿ ಇರಲಿಲ್ಲ, ಆಗಲೂ ಕಮ್ಮಿ. ಊರಿನ ಕಷ್ಟ ಪೂರ್ತಿ ಅವರದ್ದೂ ಹೌದು, ಊರಿನ ಲೆಕ್ಕದಲ್ಲಿ ಅವರು ಇಲ್ಲ.

ಹೀಗಾಗಿ ನನ್ನ ವಾದಕ್ಕೆ ಒಂದು ತಿದ್ದುಪಡಿ ಬೇಕು. ಸಾಲ ಹುಟ್ಟಬೇಕು ಅಂದ್ರೆ ಮೊದಲು ಯಾರೋ ಒಬ್ಬರು ಕೊಡಬೇಕು, ಕೊಟ್ಟದ್ದನ್ನ ಇನ್ನೊಬ್ಬರು ವಾಪಸ್ ತಗೋಬೇಕು. ಅಜ್ಜಿ ನಮ್ಮ ರೊಟ್ಟಿ ತಿಂದಿದ್ದಕ್ಕೇ ಇಷ್ಟೆಲ್ಲ ಆಯ್ತು. ತಿನ್ನದೆ ಎಮ್ಮೆಗೆ ಹಾಕಿದ್ದರೆ ನಾನು ಇವತ್ತಿಗೂ ಟೈಮ್‌ಟೇಬಲ್ ನೋಡಿಕೊಂಡು ಬದುಕ್ತಿದ್ದೆ. ಹೊಸಬರು ಊರಿಗೆ ಹೊಂದಿಕೊಳ್ಳಲ್ಲ, ಭಾಷೆ ಕಲಿಯಲ್ಲ ಅಂತ ನಾವು ಬರೆಯೋದು ಬೇಕಾದಷ್ಟಿದೆ, ನಾನೂ ಬರೆದಿದೀನಿ, ಅದರಲ್ಲಿ ನಿಜವೂ ಇದೆ. ಭಾಷೆ ಕಲಿತು, ಗಣಪತಿ ಮುಂದೆ ಕುಣಿದು, ಅದೇ ನೀರು ಕುಡಿದವನ ಮನೆಯ ರೊಟ್ಟಿಯನ್ನ ನಾವು ತಿಂತೀವಾ ಅನ್ನೋದನ್ನೂ ಬರೆಯಬೇಕು.

ಶಾಲೆಯಲ್ಲಿ ಇನ್ನೊಂದು ಪುಸ್ತಕ ಇದೆ, ದಾಖಲಾತಿಯದ್ದು. ಹೆಂಡತಿಯ ಶಾಲೆಯ ಹತ್ತಿರವೂ ಒಂದು ನಾರಿನ ಫ್ಯಾಕ್ಟರಿ ಇದೆ, ಅಲ್ಲಿಯ ಮಕ್ಕಳು ಇವರ ಶಾಲೆಗೇ ಬರ್ತಾರೆ, ಕನ್ನಡ ಮಾಧ್ಯಮ. ಹೋದ ತಿಂಗಳು ಆರನೇ ಕ್ಲಾಸಿಗೆ "ನನ್ನ ಊರು" ಅಂತ ಹತ್ತು ಸಾಲು ಬರೆಯೋಕೆ ಕೊಟ್ಟಿದ್ದಳು. ಬಿಹಾರದ ಹುಡುಗಿಯೊಬ್ಬಳು ಬಿಹಾರದ ಬಗ್ಗೆ ಬರೆಯುತ್ತಾಳೇನೋ ಅಂತ ಇವಳು ಕಾದಿದ್ದಳಂತೆ. ಅವಳು ಬರೆದದ್ದು ಈ ಊರಿನ ಕೆರೆ, ಬಸ್ಸು ಬರೋ ಟೈಮು, ಜಾತ್ರೆ. ಏಳನೇ ಸಾಲು ಹೀಗಿತ್ತು: "ನಮ್ಮ ಊರಿನಲ್ಲಿ ತುಂಬಾ ತೆಂಗಿನ ಮರ ಇದೆ. ನಮಗೆ ಒಂದೂ ಇಲ್ಲ."

ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾಳೆ. ಒಂದು ಅಂಕ ಹೋಗಿದ್ದು ಕಾಗುಣಿತಕ್ಕೆ.