ಮಕ್ಕಳ ಊರಿನಲ್ಲಿ ಆರು ತಿಂಗಳು

ನನ್ನ ಚಿಕಿತ್ಸಾಲಯಕ್ಕೆ ಬರುವ ಹಿರಿಯರಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸ ಬಗೆಯ ರೋಗಿಗಳನ್ನು ಕಾಣುತ್ತಿದ್ದೇನೆ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ತೋಟದ ಮನೆತನದವರು; ಮಗನೋ ಮಗಳೋ ಅಮೆರಿಕದಲ್ಲಿ ಅಥವಾ ಇಂಗ್ಲೆಂಡಿನಲ್ಲಿ ನೆಲೆಸಿರುತ್ತಾರೆ. ಮೊಮ್ಮಗುವಿನ ಆರೈಕೆಗೆಂದು ಐದಾರು ತಿಂಗಳು ಹೋಗಿ ಹಿಂದಿರುಗುವಾಗ ರಕ್ತದ ಸಕ್ಕರೆ ಏರಿರುತ್ತದೆ, ಮಂಡಿ ಬಿಗಿದಿರುತ್ತದೆ, ನಿದ್ರೆ ಕೆಟ್ಟಿರುತ್ತದೆ. “ಅಲ್ಲಿ ಏನು ಮಾಡುತ್ತಿದ್ದಿರಿ?” ಎಂದರೆ, “ಏನಿಲ್ಲ ಡಾಕ್ಟ್ರೇ, ಕಿಟಕಿ ಹತ್ರ ಕೂತಿರ್ತಿದ್ದೆ” ಎಂಬ ಉತ್ತರ. ನಸುಕಿನಲ್ಲೆದ್ದು ಅಡಿಕೆ ತೋಟಕ್ಕೆ ನೀರು ಹಾಯಿಸುತ್ತಿದ್ದ ಮನುಷ್ಯನನ್ನು ಕಿಟಕಿಯ ಬಳಿ ಕೂರಿಸಿದರೆ ಮತ್ತೇನಾದೀತು?

ಅಂಥವರಿಗೆ ನಾನು ಈಗ ಮಾತ್ರೆ, ಕಷಾಯಗಳ ಜೊತೆಗೆ ಇನ್ನೊಂದು ಸಲಹೆ ಕೊಡುತ್ತೇನೆ: ಮುಂದಿನ ಸಲ ಹೋದಾಗ ಮಕ್ಕಳ ಮನೆಯ ಸಮೀಪದ ಸಮುದಾಯ ತೋಟವನ್ನು ಹುಡುಕಿ, ವಾರಕ್ಕೆರಡು ದಿನ ಅಲ್ಲಿ ಕೈಲಾದ ಸೇವೆ ಮಾಡಿ. ಇದು ಓದಿ ಹೇಳುವ ಮಾತಲ್ಲ. ಸಿಯಾಟಲ್ ನಗರದ ಮಗಳ ಮನೆಯಲ್ಲಿ ನಾನೂ ಎರಡು ವಾರ ಕಿಟಕಿಯ ಬಳಿ ಕುಳಿತವನೇ. ಆ ನಗರದಲ್ಲಿ ಇಂಥ ತೋಟಗಳಿಗೆ ‘ಪಿ-ಪ್ಯಾಚ್’ ಎನ್ನುತ್ತಾರೆ. ಇಟಲಿ ಮೂಲದ ಪಿಕಾರ್ಡೊ ಕುಟುಂಬದ ಹಳೆಯ ಹೊಲದಲ್ಲಿ 1973ರಲ್ಲಿ ಮೊದಲನೆಯದು ಆರಂಭವಾದ ಕಾರಣ ಆ ‘ಪಿ’ ಅಕ್ಷರ. ಒಂದೊಂದು ಕುಟುಂಬಕ್ಕೆ ಒಂದೊಂದು ಮಡಿ. ಕಾಲುದಾರಿ, ಗೊಬ್ಬರದ ಗುಂಡಿ ಮುಂತಾದವನ್ನು ಎಲ್ಲರೂ ಸೇರಿ ನೋಡಿಕೊಳ್ಳಬೇಕು. ಬೆಳೆದದ್ದರಲ್ಲಿ ಒಂದು ಪಾಲು ಬಡವರಿಗೆ ಉಚಿತವಾಗಿ ಆಹಾರ ನೀಡುವ ಭಂಡಾರಗಳಿಗೆ ಹೋಗುತ್ತದೆ. ನಮ್ಮಂಥ ನಾಲ್ಕು ತಿಂಗಳ ಅತಿಥಿಗಳಿಗೆ ಮಡಿ ಸಿಗುವುದಿಲ್ಲ, ಕಾಯುವವರ ಸಾಲು ಉದ್ದವಿದೆ. ಸಾಮೂಹಿಕ ಕೆಲಸದ ದಿನ ಹೋಗಿ ನಿಂತರೆ ಮಾತ್ರ ಯಾರೂ ಬೇಡವೆನ್ನುವುದಿಲ್ಲ.

ಮೊದಲ ದಿನ ನನಗೆ ಕಳೆ ಕೀಳುವ ಕೆಲಸ. ಕಿತ್ತದ್ದನ್ನು ನೋಡಿದರೆ ನಮ್ಮ ಗೋಣಿ ಸೊಪ್ಪು! ಮಳೆಗಾಲದ ಬೆರಕೆ ಸೊಪ್ಪಿನ ಸಾರಿಗೆ ನಮ್ಮ ತಾಯಂದಿರು ಹೊಲದ ಬದುವಿನಿಂದ ಆರಿಸಿ ತರುತ್ತಿದ್ದ ಸೊಪ್ಪನ್ನು ಅಲ್ಲಿನವರು ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದರು. ಇದು ತಿನ್ನುವಂಥದ್ದು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ತಿಳಿಸಿದೆ. ಮೂತ್ರಕೋಶದ ಕಲ್ಲಿನ ತೊಂದರೆಯುಳ್ಳವರು ಮಿತವಾಗಿ ತಿನ್ನಬೇಕೆಂಬುದನ್ನೂ ಸೇರಿಸಿದೆ. ಮರುವಾರ ಇಬ್ಬರು ವೃದ್ಧೆಯರು ಅದನ್ನು ಬೇಯಿಸಿ ತಂದಿದ್ದರು. ಉಪ್ಪು ಕಡಿಮೆಯಾಗಿತ್ತು, ಅದಿರಲಿ. ಹಲವು ದಿನಗಳ ನಂತರ ನನ್ನಿಂದ ಯಾರಿಗೋ ಏನೋ ಪ್ರಯೋಜನವಾಯಿತೆಂದು ಅನಿಸಿತು. ಆ ರಾತ್ರಿ ನಿದ್ರೆ ಚೆನ್ನಾಗಿ ಬಂತು.

ಕಲಿಸುವ ಯೋಗ್ಯತೆ ನಮ್ಮವರಿಗೆ ಧಾರಾಳವಾಗಿದೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಬರಗಳಲ್ಲಿ ತೆಂಗು ಉಳಿಸಿಕೊಂಡ ಹಿರಿಯೂರಿನ ರೈತನಿಗೆ ಮಣ್ಣಿನ ತೇವ ಕಾಯುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕದ ಡೆನ್ವರ್ ನಗರದಲ್ಲಿ 291 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಮುದಾಯ ತೋಟಕ್ಕೆ ಸೇರಿದವರು ಸೇರದವರಿಗಿಂತ ದಿನಕ್ಕೆ ಸುಮಾರು 1.4 ಗ್ರಾಂ ಹೆಚ್ಚು ನಾರಿನಂಶ ಸೇವಿಸಿದರು. ಅವರ ದೈಹಿಕ ಚಟುವಟಿಕೆ ಹೆಚ್ಚಿತು, ಮನಸ್ಸಿನ ಒತ್ತಡ ತಗ್ಗಿತು. ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ತೋಟಕ್ಕೆ ಹೋದ ಮಾತ್ರಕ್ಕೆ ಮಧುಮೇಹ ಮಾಯವಾಗುತ್ತದೆಂದು ನಂಬಿ ಔಷಧ ಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ.

ಆಯುರ್ವೇದ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ವಾಗ್ಭಟನ ಅಷ್ಟಾಂಗಹೃದಯವು ವೃದ್ಧರು ವ್ಯಾಯಾಮವನ್ನು ಬಿಡಬೇಕೆನ್ನುತ್ತದೆ. ನಿಜ, ಮುಪ್ಪು ವಾತದ ಕಾಲ, ಅತಿಶ್ರಮ ವಾತವನ್ನು ಕೆರಳಿಸುತ್ತದೆ. ಆದರೆ ಶಾಸ್ತ್ರಕಾರರು ನಿಷೇಧಿಸಿದ್ದು ದೇಹವನ್ನು ದಣಿಸುವ ವ್ಯಾಯಾಮವನ್ನು, ಚಲನೆಯನ್ನಲ್ಲ ಎಂದು ನಾನು ತಿಳಿಯುತ್ತೇನೆ. ಬಲಿಷ್ಠರಿಗೂ ಅವರು ವಿಧಿಸಿದ್ದು ಅರ್ಧಶಕ್ತಿಯನ್ನೇ. ಬಾಯಿಯಿಂದ ಉಸಿರಾಡುವ ಸ್ಥಿತಿ ಬರುವ ಮೊದಲೇ ಹಿರಿಯರು ಕೆಲಸ ನಿಲ್ಲಿಸಲಿ. ಗುದ್ದಲಿ ಹಿಡಿಯುವುದು ಬೇಡ. ಸಸಿ ನೆಡುವುದು, ನೀರುಣಿಸುವುದು, ಕಾಯಿ ಬಿಡಿಸುವುದು ಸಾಕು. ಮಂಡಿ ನೋವಿನವರು ಸೊಂಟದೆತ್ತರದ ಮಡಿಗಳನ್ನು ಆರಿಸಿಕೊಳ್ಳಲಿ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಇರಲೇಬೇಕು. ಧನುರ್ವಾಯುವಿನ ಚುಚ್ಚುಮದ್ದನ್ನು ಇಲ್ಲಿಯೇ ಹಾಕಿಸಿಕೊಂಡು ಹೊರಡುವುದು ಲೇಸು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಚೀಲದ ಗೊಬ್ಬರ ಮಣ್ಣಿನಿಂದ ಶ್ವಾಸಕೋಶಕ್ಕೆ ಸೋಂಕು ತಗಲುವುದುಂಟು. ಚೀಲ ಬಿಚ್ಚುವಾಗ ಮುಖಗವಸು ಧರಿಸಿ.

ಕಾನೂನಿನ ಮಾತೂ ಇದೆ. ಪ್ರವಾಸಿ ವೀಸಾದಲ್ಲಿ ಹೋದವರು ದುಡಿಮೆಗೆ ಹಣ ಪಡೆಯುವಂತಿಲ್ಲ. ಬ್ರಿಟನ್ನಿನಲ್ಲಿ ಸಂದರ್ಶಕರ ಸ್ವಯಂಸೇವೆಯು ನೋಂದಾಯಿತ ಧರ್ಮಾರ್ಥ ಸಂಸ್ಥೆಯಲ್ಲಿರಬೇಕು, ಒಟ್ಟು 30 ದಿನ ಮೀರಬಾರದು. ಪ್ರೀತಿಯಿಂದ ಕರಿಬೇವು, ಬೀಜಗಳನ್ನು ಗಂಟು ಕಟ್ಟಿಕೊಂಡು ಹೋಗುವ ತಾಯಂದಿರು ಗಮನಿಸಬೇಕು: ನಿಂಬೆ, ಕಿತ್ತಳೆ ಗಿಡಗಳ ಮಾರಕ ರೋಗವನ್ನು ಹರಡುವ ಕೀಟವು ಕರಿಬೇವಿನ ಮೇಲೂ ಬದುಕುವುದರಿಂದ ಅಮೆರಿಕದವರು ಅದನ್ನು ಒಳಗೆ ಬಿಡುವುದಿಲ್ಲ. ಅಲ್ಲಿಂದ ಬೀಜ ತರುವುದಕ್ಕೂ ನಮ್ಮ ದೇಶದ 2003ರ ಸಸ್ಯ ಸಂಪರ್ಕನಿಷೇಧ ಆದೇಶ ಅಡ್ಡವಿದೆ.

ಇವೆಲ್ಲವೂ ಸುಲಭ. ಕಷ್ಟವಾದದ್ದು ಮರ್ಯಾದೆಯ ಪ್ರಶ್ನೆ. “ಅಪ್ಪಾಜಿ, ನೀವು ಹೋಗಿ ಕಸ ಎತ್ತುವುದೇ? ಪರಿಚಯದವರು ನೋಡಿದರೆ?” ಎಂದು ಮಗ ತಡೆದನೆಂದು ಹೊಳಲ್ಕೆರೆ ಕಡೆಯ ಹಿರಿಯರೊಬ್ಬರು ಹೇಳಿಕೊಂಡರು. ಕಾಯಕದ ಮಾತನ್ನು ದಿನವೂ ಕೇಳುವ ಮನೆತನವದು. ಆದರೆ ಮಗನನ್ನು ಮಾತ್ರ ದೂರಿ ಏನು ಫಲ? ಕೈಗೆ ಮಣ್ಣು ಹತ್ತುವುದನ್ನು ಆಳುಗಳ ಪಾಲಿಗೆ ಬಿಟ್ಟು, ಬದುವಿನ ಮೇಲೆ ನಿಂತು ಕೂಗುವುದೇ ಯಜಮಾನಿಕೆ ಎಂದು ಅವನಿಗೆ ತೋರಿಸಿಕೊಟ್ಟವರು ನಾವೇ. ಸಿಯಾಟಲ್‌ನಲ್ಲಿ ನನ್ನ ಪಕ್ಕದಲ್ಲಿ ಗೊಬ್ಬರ ತಿರುವುತ್ತಿದ್ದವರು ನಿವೃತ್ತ ನ್ಯಾಯವಾದಿ ಎಂಬುದು ನನಗೆ ಗೊತ್ತಾದದ್ದು ಒಂದು ತಿಂಗಳ ಬಳಿಕ. ನಮ್ಮೂರಿನಲ್ಲಾಗಿದ್ದರೆ ಅದು ಮೊದಲ ಐದು ನಿಮಿಷದಲ್ಲೇ ತಿಳಿಯುತ್ತಿತ್ತು, ಗೊಬ್ಬರ ತಿರುವುವ ಕೆಲಸ ಬೇರೊಬ್ಬರಿಗೆ ಹೋಗುತ್ತಿತ್ತು.

ಚಿತ್ರದುರ್ಗಕ್ಕೆ ಮರಳಿದಾಗ ನನ್ನದೇ ಹಿತ್ತಲು ನನ್ನನ್ನು ನಾಚಿಸಿತು. ಧೂಳು, ಕೆಸರು ಬೇಡವೆಂದು ಹನ್ನೆರಡು ವರ್ಷಗಳ ಹಿಂದೆ ನಾನೇ ನಿಂತು ಸಿಮೆಂಟು ಹಾಕಿಸಿದ್ದೆ. ಗೋಡೆಯ ಬದಿಯಲ್ಲಿ ಮೂರು ಅಡಿ ಅಗಲಕ್ಕೆ ಅದನ್ನು ಒಡೆಸಿದ್ದೇನೆ. ಈಗ ಅಲ್ಲಿ ದಂಟು, ಮೆಂತ್ಯ ಇವೆ; ಒಂದು ಕರಿಬೇವಿನ ಗಿಡವೂ ಚಿಗುರುತ್ತಿದೆ. ಸಂಜೆ ನೀರು ಹಾಕುವಾಗ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, “ಯಾಕ್ ಸಾರ್, ಆಳು ಬರ್ಲಿಲ್ವಾ?” ಎಂದು ಇಂದಿಗೂ ಕೇಳುತ್ತಾರೆ.