ಬಾಲಿಯಲ್ಲಿ ಕೂತು ಬೆಂಗಳೂರಿನ ಕೆಲಸ?

ಕಾಲೇಜು ಮುಗಿಯುತ್ತ ಬಂದ ಮಕ್ಕಳು ಈಚೆಗೆ ಮನೆಯಲ್ಲಿ ಒಂದು ಹೊಸ ಮಾತು ತೆಗೆಯುತ್ತಿದ್ದಾರೆ. ‘ಕೆಲಸ ಬೆಂಗಳೂರಿನದಾಗಲಿ, ಅಮೆರಿಕದ್ದಾಗಲಿ, ನಾನು ಬಾಲಿಯಲ್ಲೋ ಥಾಯ್ಲೆಂಡಿನಲ್ಲೋ ಕೂತು ಮಾಡುತ್ತೇನೆ. ಬಾಡಿಗೆ ಕಡಿಮೆ, ಸಮುದ್ರ ಹತ್ತಿರ, ಲ್ಯಾಪ್‌ಟಾಪ್ ಒಂದಿದ್ದರೆ ಸಾಕು.’ ಇದು ಉದ್ಯೋಗವೋ ಪ್ರವಾಸವೋ ಎಂದು ತಿಳಿಯದೆ ಅಪ್ಪ ಅಮ್ಮಂದಿರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಕ್ಕಳು ಹೇಳುವುದರಲ್ಲಿ ಸುಳ್ಳಿಲ್ಲ. ಹಾಗೆ ಬದುಕುತ್ತಿರುವವರು ಸಾವಿರಾರು ಮಂದಿ ಇದ್ದಾರೆ, ಅವರಲ್ಲಿ ನಮ್ಮವರೂ ಉಂಟು. ಆದರೆ ಯಾವ ಊರು ಎಂಬ ಪ್ರಶ್ನೆಗೆ ಉತ್ತರ ಬಾಡಿಗೆ ಮತ್ತು ಸಮುದ್ರದಿಂದ ಶುರುವಾಗುವುದಿಲ್ಲ.

ಮೊದಲು ಬಾಗಿಲ ವಿಚಾರ. ದೂರದಿಂದ ಕೆಲಸ ಮಾಡುವವರಿಗೆ ಈ ದೇಶಗಳು ಈಗ ಪ್ರತ್ಯೇಕ ವೀಸಾಗಳನ್ನು ಮಾಡಿವೆ. ಮಲೇಷ್ಯಾ 2022ರ ಅಕ್ಟೋಬರ್‌ನಲ್ಲಿ ‘ಡಿಇ ರಂತಾವು’ ಎಂಬ ಪಾಸ್ ಆರಂಭಿಸಿತು. ಕಂಪ್ಯೂಟರ್ ಕ್ಷೇತ್ರದವರಾದರೆ ವರ್ಷಕ್ಕೆ 24,000 ಡಾಲರ್, ಅಂದರೆ 20 ಲಕ್ಷ ರೂಪಾಯಿಗೂ ಮೇಲೆ, ಆದಾಯ ತೋರಿಸಬೇಕು. ಥಾಯ್ಲೆಂಡ್ 2024ರ ಜುಲೈಯಲ್ಲಿ ತಂದ ‘ಡಿಟಿವಿ’ ವೀಸಾಕ್ಕೆ ಐದು ವರ್ಷ ಅವಧಿ, ಒಮ್ಮೆ ಹೋದರೆ 180 ದಿನ ಇರಬಹುದು. ಆದರೆ ಬ್ಯಾಂಕಿನಲ್ಲಿ 5 ಲಕ್ಷ ಬಾತ್, ನಮ್ಮ ಹಣದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು, ಇರಬೇಕು. ಇಂಡೋನೇಷ್ಯಾ 2024ರಲ್ಲಿ ತಂದ ವೀಸಾಕ್ಕಂತೂ ವರ್ಷಕ್ಕೆ 60,000 ಡಾಲರ್ ಸಂಪಾದನೆ ಬೇಕು. ಬಾಲಿಯ ಕನಸು ಕಾಣುವ ಎಷ್ಟು ಮಕ್ಕಳಿಗೆ ಈ ಅಂಕಿ ಗೊತ್ತು?

ಕ್ಯಾಂಪಸ್ ಸಂದರ್ಶನದಲ್ಲಿ ಮೂರೂವರೆ, ನಾಲ್ಕು ಲಕ್ಷದ ಕೆಲಸ ಸಿಕ್ಕಿದ ಹುಡುಗನಿಗೆ ಈ ಮೂರು ಬಾಗಿಲೂ ಮುಚ್ಚಿವೆ. ಬೇಸರವೇನೂ ಬೇಡ. ಈ ಬಾಗಿಲು ಮೂರು-ನಾಲ್ಕು ವರ್ಷ ಕೆಲಸ ಕಲಿತವರಿಗಾಗಿ ಇಟ್ಟದ್ದು. ಕೆಲಸ ಕಲಿಯುವ ಮೊದಲ ವರ್ಷಗಳಲ್ಲಿ ಪಕ್ಕದ ಮೇಜಿನ ಹಿರಿಯರು ತಪ್ಪು ತೋರಿಸಿಕೊಡುವುದಕ್ಕೆ ಇರುವ ಬೆಲೆ ಯಾವ ಕಡಲತೀರಕ್ಕೂ ಇಲ್ಲ ಎಂದು ನನ್ನ ಅನಿಸಿಕೆ. ‘ವೀಸಾ ಇಲ್ಲದೆಯೇ ಪ್ರವಾಸಿಯಾಗಿ ಹೋಗಿ ಕೋಣೆಯೊಳಗೆ ಕೂತು ಕೆಲಸ ಮಾಡಿದರೆ ಯಾರಿಗೆ ಗೊತ್ತಾಗುತ್ತೆ?’ ಎಂದು ಕೆಲವರು ಕೇಳಬಹುದು. ಪ್ರವಾಸಿಗೆ ಕೊಟ್ಟ ಅನುಮತಿ ಪ್ರವಾಸಕ್ಕೆ. ವಲಸೆ ಅಧಿಕಾರಿ ಕೇಳಿದ ದಿನ ಉತ್ತರ ಹೇಳಬೇಕಾದವರು ನೀವೇ.

ಇನ್ನೊಂದು ಬಾಗಿಲು ಇಲ್ಲೇ ಇದೆ. ಮನೆಯಿಂದ ಕೆಲಸ ಮಾಡಲು ಬಿಟ್ಟ ಬೆಂಗಳೂರಿನ ಕಂಪನಿ ಹಾಸನದ ಮನೆಯಿಂದ ಮಾಡಲು ಬಿಟ್ಟಿದೆಯೇ ಹೊರತು ಹೊರದೇಶದಿಂದ ಮಾಡಲು ಬಿಟ್ಟಿಲ್ಲ. ತೆರಿಗೆಯ ತೊಡಕು, ಗ್ರಾಹಕರ ಮಾಹಿತಿಯ ಭದ್ರತೆ ಎಂದು ಅವರಿಗೂ ಭಯಗಳಿರುತ್ತವೆ. ಬರವಣಿಗೆಯಲ್ಲಿ ಅನುಮತಿ ಪಡೆಯದೆ ಟಿಕೆಟ್ ತೆಗೆಯಬೇಡಿ. ಥಾಯ್ಲೆಂಡಿನಲ್ಲಿ ವರ್ಷಕ್ಕೆ 180 ದಿನ, ಮಲೇಷ್ಯಾದಲ್ಲಿ 182 ದಿನ ಇದ್ದರೆ ಆ ದೇಶದ ತೆರಿಗೆ ಲೆಕ್ಕದೊಳಗೆ ಬರುತ್ತೀರಿ. ಆ ಹೊತ್ತಿಗೆ ಒಬ್ಬ ಲೆಕ್ಕಪರಿಶೋಧಕರನ್ನು ಕಾಣುವುದು ಲೇಸು.

ಈಗ ಊರಿಗೆ ಬರೋಣ. ಊರು ಆರಿಸುವವರು ಮೊದಲು ನೋಡಬೇಕಾದದ್ದು ಗೋಡೆ ಗಡಿಯಾರ. ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ ಆದಾಗ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲೂ ವಿಯೆಟ್ನಾಮಿನ ಡಾ ನಾಂಗ್‌ನಲ್ಲೂ ಹನ್ನೊಂದು ಗಂಟೆ, ಪೆನಾಂಗ್ ಮತ್ತು ಬಾಲಿಯಲ್ಲಿ ಮಧ್ಯಾಹ್ನ ಹನ್ನೆರಡು. ಬೆಂಗಳೂರಿನ ಕಂಪನಿಗೆ ದುಡಿಯುವವರಿಗೆ ಇದು ವರವೇ ಸರಿ. ಬೆಳಗಿನ ಹೊತ್ತೆಲ್ಲ ನಿಮ್ಮದು, ಓದಬಹುದು, ಈಜಬಹುದು, ಅಡಿಗೆ ಮಾಡಿಕೊಳ್ಳಬಹುದು. ಸಿಂಗಪುರ, ಸಿಡ್ನಿ, ಟೋಕಿಯೋದವರ ಕೆಲಸವಾದರೆ ಇನ್ನೂ ಸುಲಭ.

ಅಮೆರಿಕದ ಕೆಲಸವಾದರೆ ಲೆಕ್ಕ ತಲೆಕೆಳಗು. ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ಎಂದರೆ ನಮಗೆ ಸಂಜೆ ಏಳೂವರೆ, ಚಿಯಾಂಗ್ ಮಾಯ್‌ಗೆ ರಾತ್ರಿ ಒಂಬತ್ತು, ಪೆನಾಂಗಿಗೆ ಹತ್ತು. ಅವರೊಡನೆ ದಿನಕ್ಕೆ ನಾಲ್ಕು ಗಂಟೆ ಮಾತಾಡಬೇಕು ಎಂದರೆ ಪೆನಾಂಗಿನಲ್ಲಿ ರಾತ್ರಿ ಎರಡರವರೆಗೆ ಎಚ್ಚರ. ಪೂರ್ವಕ್ಕೆ ಸರಿದಷ್ಟೂ ನಿದ್ದೆಗೆ ಖೋತಾ. ಮೈಸೂರಿನಲ್ಲಿ ಕೂತಿದ್ದರೆ ಹನ್ನೊಂದೂವರೆಗೆ ಮಲಗಬಹುದಾಗಿದ್ದವರು ಬಾಲಿಗೆ ಹೋಗಿ ಹಗಲೆಲ್ಲ ಪರದೆ ಎಳೆದು ಮಲಗಿದರೆ ಸಮುದ್ರ ಯಾರಿಗೆ?

ಎರಡನೆಯದು ಗಾಳಿ. ಚಿಯಾಂಗ್ ಮಾಯ್ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಥ ಕೆಲಸಗಾರರ ನಡುವೆ ಅತಿ ಹೆಚ್ಚು ಹೆಸರು ಮಾಡಿದ ಊರು ಅದು. 1296ರಲ್ಲಿ ಮಂಗ್ರಾಯ್ ಎಂಬ ರಾಜ ಕಟ್ಟಿಸಿದ ನಗರ. ಹಳೆಯ ಊರಿನ ಸುತ್ತ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಗಲದ ಚೌಕಾಕಾರದ ಕಂದಕ, ಒಳಗೆ ಹೆಜ್ಜೆಗೊಂದು ಬೌದ್ಧ ವಿಹಾರ, ಪಶ್ಚಿಮಕ್ಕೆ ದೋಯ್ ಸುಥೇಪ್ ಬೆಟ್ಟ. ಓಡಾಡಲು ಕೆಂಪು ಬಣ್ಣದ ‘ಸೋಂಗ್‌ಥೇವ್’ ಗಾಡಿಗಳು. ಆ ಹೆಸರಿನ ಅರ್ಥ ‘ಎರಡು ಸಾಲು’, ಎದುರುಬದುರು ಎರಡು ಬೆಂಚು ಹಾಕಿದ ನಮ್ಮ ಹಳ್ಳಿ ರಸ್ತೆಯ ಟೆಂಪೋ ನೆನಪಿಸಿಕೊಳ್ಳಿ. ನಿಮ್ಮನ್‌ಹೇಮಿನ್ ರಸ್ತೆಯ ಆಸುಪಾಸಿನ ಕಾಫಿ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರನ್ನು ಯಾರೂ ಏಳಿ ಎನ್ನುವುದಿಲ್ಲ. ವಿಶ್ವವಿದ್ಯಾಲಯ ಇರುವ ಊರಾದ್ದರಿಂದ ಕೋಣೆಗಳು ಸುಲಭವಾಗಿ ಸಿಗುತ್ತವೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ಮೀನಿನ ರಸ ಹಾಕದ ಪಲ್ಯ ಅಪರೂಪ. ಆದರೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಆ ಊಟದಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮ ಮಠದ ಊಟಕ್ಕಿಂತ ಕಟ್ಟುನಿಟ್ಟು, ಹಾಲನ್ನೂ ಬಿಡುತ್ತಾರೆ!

ಇಷ್ಟೆಲ್ಲ ಇದ್ದೂ ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೆ ಆ ಊರಿನಲ್ಲಿ ಉಸಿರಾಡುವುದು ಕಷ್ಟ. ಸುತ್ತಲ ಬೆಟ್ಟಗಳಲ್ಲಿ ಕಾಡಿಗೆ ಬೆಂಕಿ ಬೀಳುತ್ತದೆ, ಮೆಕ್ಕೆಜೋಳದ ಕೂಳೆ ಸುಡುತ್ತಾರೆ, ಗಡಿಯಾಚೆಯ ಮ್ಯಾನ್ಮಾರ್ ಮತ್ತು ಲಾವೋಸ್‌ನ ಹೊಗೆಯೂ ಬಂದು ಸೇರುತ್ತದೆ. ಊರು ಬಟ್ಟಲಿನಂಥ ಕಣಿವೆಯಲ್ಲಿರುವುದರಿಂದ ಹೊಗೆ ಮೇಲೇಳದೆ ಅಲ್ಲೇ ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅತಿಸೂಕ್ಷ್ಮ ಕಣಗಳಿಗೆ ಹಾಕಿಕೊಟ್ಟ ದಿನದ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ಅಲ್ಲಿ ಕೆಟ್ಟ ದಿನಗಳಲ್ಲಿ ಅದು 100 ದಾಟುತ್ತದೆ. 2023ರ ಹೊಗೆಯಿಂದ ಬೇಸತ್ತ ಊರಿನವರು ಸರ್ಕಾರದ ಮೇಲೆ ದಾವೆ ಹೂಡಿದರು. 2024ರ ಜನವರಿಯಲ್ಲಿ ಚಿಯಾಂಗ್ ಮಾಯ್‌ನ ಆಡಳಿತ ನ್ಯಾಯಾಲಯ ತುರ್ತು ಯೋಜನೆ ಸಿದ್ಧಪಡಿಸಲು 90 ದಿನಗಳ ಗಡುವು ಕೊಟ್ಟಿತು. ಉಬ್ಬಸ, ಅಲರ್ಜಿ ಇರುವ ಮಕ್ಕಳು ವರ್ಷಪೂರ್ತಿ ಬಾಡಿಗೆ ಕರಾರು ಮಾಡಿಕೊಂಡು ಅಲ್ಲಿಗೆ ಹೋಗಲೇಬಾರದು. ಹೋಗುವುದಾದರೆ ನವೆಂಬರ್‌ನಿಂದ ಜನವರಿ. ಆ ಮೂರು ತಿಂಗಳು ಹವೆ ಹಿತವಾಗಿರುತ್ತದೆ.

ಹೊಗೆಯ ಕಾಟ ಪೆನಾಂಗಿಗೆ ಇಲ್ಲವೇ? ಇದೆ, ಆದರೆ ಪ್ರತಿ ವರ್ಷದ ಕಟ್ಟಳೆಯಂತೆ ಅಲ್ಲ. ಸುಮಾತ್ರಾ ದ್ವೀಪದ ಕಾಡುಬೆಂಕಿ ಜೋರಾದ 2015, 2019ರಂಥ ವರ್ಷಗಳಲ್ಲಿ ಬಂದು ಕಾಡಿತು.

ನಮ್ಮವರಿಗೆ ನಾನು ಮೊದಲು ಹೇಳುವ ಊರು ಪೆನಾಂಗ್. ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ, ಅದು ಅಡಿಕೆಯ ದ್ವೀಪ. ಶಿರಸಿ, ತೀರ್ಥಹಳ್ಳಿ ಕಡೆಯವರು ಇದೊಂದು ಕಾರಣಕ್ಕೇ ಹೊರಟುಬಿಡಬಹುದೇನೋ! ತಮಾಷೆ ಇರಲಿ. ಅಲ್ಲಿನ ಜಾರ್ಜ್ ಟೌನ್ 2008ರಿಂದ ಯುನೆಸ್ಕೋದ ವಿಶ್ವಪರಂಪರೆ ಪಟ್ಟಿಯಲ್ಲಿದೆ. ಹಳೆಯ ಅಂಗಡಿಮನೆಗಳ ಮುಂದೆ ಉದ್ದಕ್ಕೂ ಜಗಲಿ, ಮಳೆಯಲ್ಲೂ ನೆನೆಯದೆ ನಡೆಯಬಹುದು. ಮಲಯ, ಚೀನಿ, ತಮಿಳು ಮೂರೂ ಬೀದಿಯಲ್ಲಿ ಕೇಳುತ್ತವೆ, ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. 1833ರ ಮಾರಿಯಮ್ಮನ ಗುಡಿ ಇರುವ ಬೀದಿಯ ಆಸುಪಾಸಿನಲ್ಲಿ ಇಡ್ಲಿ, ದೋಸೆ, ಬಾಳೆಲೆ ಊಟಕ್ಕೆ ಬರವಿಲ್ಲ. ಹೊರದೇಶದ ರೋಗಿಗಳು ಚಿಕಿತ್ಸೆಗೆಂದು ಹುಡುಕಿಕೊಂಡು ಬರುವಂಥ ಆಸ್ಪತ್ರೆಗಳಿವೆ. ತಾಯಂದಿರ ಪತ್ರಗಳಲ್ಲಿ ಈ ಎರಡು ಪ್ರಶ್ನೆಗಳೇ ಮೊದಲು ಬರುವುದರಿಂದ ಹೇಳುತ್ತಿದ್ದೇನೆ.

ಎಂಜಿನಿಯರುಗಳಿಗೆ ಇನ್ನೊಂದು ಆಕರ್ಷಣೆಯೂ ಉಂಟು. ಇಂಟೆಲ್ ಕಂಪನಿ ಅಮೆರಿಕದ ಹೊರಗೆ ತೆರೆದ ಮೊದಲ ಕಾರ್ಖಾನೆ 1972ರಲ್ಲಿ ಪೆನಾಂಗಿನಲ್ಲೇ. ಚಿಪ್‌ಗಳ ಜೋಡಣೆ, ಪರೀಕ್ಷೆಯ ಅರ್ಧ ಶತಮಾನದ ಅನುಭವ ಆ ಊರಿನಲ್ಲಿ ತುಂಬಿದೆ. ಸಂಜೆ ಕಾಫಿಗೆ ಎದುರಾಗುವವರು ಬರೀ ಅಲೆಮಾರಿಗಳಲ್ಲ, ಕಸುಬು ಬಲ್ಲವರು. ಕೌಲಾಲಂಪುರಕ್ಕೆ ಬೆಂಗಳೂರಿನಿಂದ ನೇರ ವಿಮಾನವಿದೆ, ಅಲ್ಲಿಂದ ಪೆನಾಂಗಿಗೆ ಮುಂದಿನ ಪಯಣ ಸಣ್ಣದು. ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಒಂದು ದಿನದೊಳಗೆ ಊರು ಮುಟ್ಟಬಹುದು.

ಡಾ ನಾಂಗ್ ಚೆಂದದ ಊರು, ಮೀ ಖೇ ಕಡಲತೀರ ಊರಿಗೇ ಅಂಟಿಕೊಂಡಿದೆ. ಇತಿಹಾಸದ ವಿದ್ಯಾರ್ಥಿಗಳಾಗಿದ್ದರೆ ಚಾಂ ಶಿಲ್ಪಗಳ ಸಂಗ್ರಹಾಲಯ ನೋಡಿ, ಮೀ ಸನ್‌ನ ಶಿವಾಲಯಗಳನ್ನು ನೋಡಿ, ಅಲ್ಲಿ ನಮ್ಮ ಪುರಾತತ್ವ ಇಲಾಖೆಯವರೇ ದುರಸ್ತಿ ಕೆಲಸ ಮಾಡಿದ್ದಾರೆ. ಆದರೆ 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಇ-ವೀಸಾದ ಅವಧಿ 90 ದಿನ, ಮುಗಿದ ಮೇಲೆ ಹೊರಬಂದು ಮತ್ತೆ ಅರ್ಜಿ ಹಾಕಬೇಕು. ಅಕ್ಟೋಬರ್, ನವೆಂಬರ್ ಬಿರುಗಾಳಿ ಮಳೆಯ ಕಾಲ. 2022ರ ಅಕ್ಟೋಬರ್‌ನಲ್ಲಿ ಊರೇ ನೀರಿನಲ್ಲಿ ನಿಂತಿತ್ತು, 2025ರ ಅದೇ ತಿಂಗಳು ಪಕ್ಕದ ಹೋಯ್ ಆನ್ ಮುಳುಗಿತು.

ಬಾಲಿಯ ಬಗ್ಗೆ ಇಷ್ಟೇ: ‘ನ್ಯೆಪಿ’ ಅಲ್ಲಿನ ಹಿಂದೂಗಳ ಶಕ ವರ್ಷದ ಮೊದಲ ದಿನ. 2023ರಲ್ಲಿ ನಮ್ಮ ಯುಗಾದಿಯೂ ಅದೂ ಒಂದೇ ದಿನ, ಮಾರ್ಚ್ 22ರಂದು ಬಂದವು. ಅಂದು ಇಡೀ ದ್ವೀಪ ಮೌನ. ವಿಮಾನ ನಿಲ್ದಾಣ ಮುಚ್ಚುತ್ತಾರೆ, ಬೀದಿಗೆ ಯಾರೂ ಇಳಿಯುವಂತಿಲ್ಲ, 2018ರಿಂದೀಚೆಗೆ ಮೊಬೈಲ್ ಇಂಟರ್‌ನೆಟ್ ಕೂಡ ನಿಲ್ಲಿಸುತ್ತಾರೆ. ನನಗಂತೂ ಇದು ಬಹಳ ಇಷ್ಟವಾದ ಪದ್ಧತಿ. ಅಂದು ಕೆಲಸ ಒಪ್ಪಿಸಬೇಕಾದವರು ಮಾತ್ರ ಮೇಲಧಿಕಾರಿಗೆ ಮೊದಲೇ ತಿಳಿಸಿರಬೇಕು.

ಕೊನೆಗೆ, ಪಾಲಕರು ಕಿವಿಗೊಟ್ಟು ಕೇಳಬೇಕಾದ ವಿಷಯ. ಮೇಲೆ ಹೇಳಿದವರೆಲ್ಲ ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡು ಊರು ಹುಡುಕಿ ಹೋದವರು. ‘ಥಾಯ್ಲೆಂಡಿಗೆ ಬನ್ನಿ, ಡೇಟಾ ಎಂಟ್ರಿ, ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಕೊಡುತ್ತೇವೆ, ಟಿಕೆಟ್ ನಮ್ಮದು, ಪ್ರವಾಸಿಯಾಗಿ ಬಂದರೆ ಸಾಕು’ ಎಂದು ಫೋನಿನಲ್ಲೇ ಸಂದರ್ಶನ ಮುಗಿಸುವವರದು ಬೇರೆಯೇ ಕಥೆ. ಬ್ಯಾಂಕಾಕ್‌ನಲ್ಲಿ ಇಳಿದವರನ್ನು ಕಾರಿನಲ್ಲಿ ಪಶ್ಚಿಮಕ್ಕೆ ಗಡಿ ಊರಾದ ಮೇ ಸೋಟ್‌ಗೆ ಒಯ್ದು, ಮೋಯಿ ನದಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡಿ ಕಡೆಯ ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂಡಿಹಾಕುತ್ತಾರೆ. ಪಾಸ್‌ಪೋರ್ಟ್ ಕಿತ್ತುಕೊಂಡು, ಇಂಟರ್‌ನೆಟ್ಟಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸ ಮಾಡಿಸುತ್ತಾರೆ. ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ವಾಪಸು ಕರೆತರಬೇಕಾಯಿತು. ಸಿಕ್ಕಿಬಿದ್ದವರಲ್ಲಿ ಕಂಪ್ಯೂಟರ್ ಬಲ್ಲ ಹುಡುಗರೇ ಬಹಳ, ಏಕೆಂದರೆ ಆ ಮೋಸದ ಅಂಗಡಿಗಳಿಗೆ ಬೇಕಾದವರು ಅವರೇ.

ಆದ್ದರಿಂದ ಮಗನೋ ಮಗಳೋ ಆ ಕಡೆ ಹೊರಟಾಗ, ಸಂಬಳ ಯಾವ ದೇಶದ ಯಾವ ಕಂಪನಿಯಿಂದ ಬರುತ್ತದೆ, ಅದು ಇಲ್ಲಿ ಕೂತಿದ್ದಾಗಲೂ ಬರುತ್ತಿತ್ತೇ ಎಂದು ಮೊದಲು ಕೇಳಿ. ಹೌದು ಎಂದರೆ ಊರಿನ ಚರ್ಚೆಗೆ ಕೂರಬಹುದು. ಅಲ್ಲಿ ಹೋದ ಮೇಲೆ ಕೆಲಸ ಎಂದರೆ, ಆ ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಟಿಕೆಟ್ ಯಾರು ಕೊಟ್ಟರೂ ಹೋಗುವುದು ಬೇಡ. ಹೊರಡುವ ದಿನ ಪಾಸ್‌ಪೋರ್ಟ್, ವೀಸಾ, ಕಂಪನಿಯ ಅನುಮತಿ ಪತ್ರ, ಬಾಡಿಗೆ ಕರಾರು ಇವುಗಳ ಒಂದೊಂದು ಪ್ರತಿ ಮನೆಯ ಕಪಾಟಿನಲ್ಲಿರಲಿ. ಜೊತೆಗೆ ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂದೆ ದೊಡ್ಡದಾಗಿ ಬರೆದಿಡಿ.