ಸದಕದ ಹೆಸರಿನಲ್ಲಿ ಗ್ಯಾಲರಿ ನಿಲ್ಲುವುದಿಲ್ಲ

ಕಳೆದ ಭಾನುವಾರ ರಾತ್ರಿ ಅಕ್ಕನ ಮಗನನ್ನು ಕರೆದುಕೊಂಡು ಸೆವೆನ್ಸ್ ನೋಡಲು ಹೋಗಿದ್ದೆ. ಉಪ್ಪಳದಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿ, ಕೊಯ್ಲು ಮುಗಿದ ಗದ್ದೆ. ಸುತ್ತ ತಗಡಿನ ಮರೆ, ಮೂಲೆಗೊಂದು ಲೈಟಿನ ಕಂಬ, ಬಾಗಿಲಲ್ಲಿ ನೆಲಗಡಲೆ ಹುರಿಯುವವನು. ಮೈಕಿನಲ್ಲಿ ಬ್ಯಾರಿ, ಮಲಯಾಳ, ಕನ್ನಡ ಮೂರೂ ಕಲಸಿದ ಭಾಷೆ. ಟಿಕೆಟು 60 ರೂಪಾಯಿ. ಇಂಥ ರಾತ್ರಿಗಳೆಂದರೆ ನನಗೆ ಜೀವ. ಆದ್ದರಿಂದ ಈ ಬರಹವನ್ನು ಓದಿ "ಇವನಿಗೆ ಆಟ ಕಂಡರಾಗದು" ಎಂದು ಯಾರೂ ಹೇಳಬೇಡಿ.

ಹುಡುಗನಿಗೆ ಹತ್ತು ವರ್ಷ. ಮೇಲಿನ ಸಾಲೇ ಬೇಕೆಂದು ಹಠ ಹಿಡಿದ, ಹತ್ತಿದೆವು. ಮೊದಲ ಗೋಲು ಬಿದ್ದಾಗ ಸುತ್ತಲಿದ್ದವರೆಲ್ಲ ಒಟ್ಟಿಗೆ ಹಾರಿದರು. ಗ್ಯಾಲರಿ ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ ಬಂತು. ಜನ ಗಮ್ಮತ್ತಾಯಿತು ಎಂಬಂತೆ ನಕ್ಕರು. ನಾನು ಹುಡುಗನ ಕೈ ಹಿಡಿದು ಕೆಳಗಿಳಿದೆ. ಅವನು ಅತ್ತ.

ಮಧ್ಯಂತರದಲ್ಲಿ ಮೊಬೈಲಿನ ಟಾರ್ಚ್ ಹಾಕಿ ಗ್ಯಾಲರಿಯ ಅಡಿಗೆ ಹೋಗಿ ನೋಡಿದೆ. ಕಂಬಗಳೆಲ್ಲ ಅಡಿಕೆ ಮರದವು. ಕಟ್ಟಿದ್ದು ಹಗ್ಗದಲ್ಲಿ, ಅದೂ ಕೆಲವು ಕಡೆ ಸಡಿಲ. ಒಂದು ಕಂಬದ ಬುಡ ನೆಲಕ್ಕೆ ತಾಗದೆ, ಕೆಳಗೆ ಕೆಂಪುಕಲ್ಲಿನ ಚೂರು ತುರುಕಿದ್ದರು. ಒಂದು ಪಕ್ಕಕ್ಕೆ ಅಡ್ಡ ಓರೆ ಕಟ್ಟು ಇರಲೇ ಇಲ್ಲ. ಇಳಿಯಲು ಇದ್ದದ್ದು ಒಂದೇ ದಾರಿ.

ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಸಿವಿಲ್ ಅಲ್ಲ. ಆದರೆ ಇದಕ್ಕೆ ಡಿಪ್ಲೊಮಾವೂ ಬೇಡ. ನಾಲ್ಕು ಕಡ್ಡಿ ಜೋಡಿಸಿ ಚೌಕ ಮಾಡಿ, ಪಕ್ಕದಿಂದ ಒತ್ತಿ ನೋಡಿ. ಓರೆಯಾಗಿ ಮಲಗುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿ ಕಟ್ಟಿದರೆ ಅಲುಗಾಡುವುದಿಲ್ಲ. ಕೂತ ಜನರ ಭಾರ ನೇರ ಕೆಳಗೆ ಹೋಗುತ್ತದೆ, ಅದನ್ನು ಅಡಿಕೆ ಮರ ಹೊರುತ್ತದೆ. ಜನ ಎದ್ದು ಒಂದೇ ತಾಳಕ್ಕೆ ಕುಣಿಯುವಾಗ ಭಾರ ಪಕ್ಕಕ್ಕೆ ತಳ್ಳುತ್ತದೆ. ಆಗ ತಡೆಯಬೇಕಾದದ್ದು ಆ ಐದನೆಯ ಕಡ್ಡಿ. ನಮ್ಮ ಗ್ಯಾಲರಿಯಲ್ಲಿ ಇಲ್ಲದ್ದು ಅದೇ.

ಮರುದಿನ ಚಹಾದಂಗಡಿಯಲ್ಲಿ ಕಮಿಟಿಯ ಹಿರಿಯ ಕಾಕ ಒಬ್ಬರು ಸಿಕ್ಕರು. ವಿಷಯ ಹೇಳಿದೆ. "ಇದು ಕಿಡ್ನಿ ಹೋದ ಬಡವನಿಗೆ ಹಣ ಕೂಡಿಸುವ ಆಟ ಮೋನೆ, ಸದಕದ ಕೆಲಸ. ಇಷ್ಟು ವರ್ಷ ಬಿದ್ದಿಲ್ಲ, ಈಗ ಬೀಳುತ್ತದಾ?" ಎಂದರು. ಪಕ್ಕದಲ್ಲಿದ್ದವರೆಲ್ಲ ತಲೆಯಾಡಿಸಿದರು. ಸದಕ ಎಂದ ಮೇಲೆ ಯಾರು ಮಾತಾಡುತ್ತಾರೆ?

ನಾನು ಮಾತಾಡುತ್ತೇನೆ. 2019ರ ಡಿಸೆಂಬರ್ 29ರಂದು ಪೆರಿಂದಲ್ಮಣ್ಣದಲ್ಲಿ ಸೆವೆನ್ಸ್ ಆಡುತ್ತಿದ್ದಾಗ ಆರ್. ಧನರಾಜನ್ ಕುಸಿದು ತೀರಿಕೊಂಡರು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ಗೆ ಆಡಿದ್ದ ಮನುಷ್ಯ. ಅವರ ಮನೆಯವರಿಗೆ ಹಣ ಕೂಡಿಸಲು ಮುಂದಿನ ತಿಂಗಳೇ ಪಾಲಕ್ಕಾಡಿನ ನೂರಣಿಯಲ್ಲಿ ಪಂದ್ಯ ಇಟ್ಟರು. ಅದಕ್ಕಿಂತ ಒಳ್ಳೆಯ ಉದ್ದೇಶ ಇದೆಯೇ? ಆ ಗ್ಯಾಲರಿಯೇ ಕುಸಿದು ಹಲವರು ಗಾಯಗೊಂಡರು. ಎರಡು ವರ್ಷ ಕಳೆದು 2022ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಮತ್ತೊಂದು ಗ್ಯಾಲರಿ ಬಿತ್ತು. ಇನ್ನೂರರಷ್ಟು ಮಂದಿ ಗಾಯಗೊಂಡರು. ಅಲ್ಲೂ ಹಿಂದಿನ ದಿನದವರೆಗೆ ಯಾರೋ "ಇಷ್ಟು ವರ್ಷ ಬಿದ್ದಿಲ್ಲ" ಅಂದಿರುತ್ತಾರೆ.

ಖರ್ಚಿನ ಮಾತಂತೂ ನನ್ನ ಹತ್ತಿರ ಆಡಬೇಡಿ. ನಾನು ದಿನಸಿ ಅಂಗಡಿಯವನ ಮಗ, ಲೆಕ್ಕ ಗೊತ್ತು. ಆಫ್ರಿಕಾದಿಂದ ಬಂದ ಆಟಗಾರರನ್ನು ಒಂದು ರಾತ್ರಿಗೆ ಕರೆಸಲು ದುಡ್ಡಿದೆ, ಪಟಾಕಿಗೆ ದುಡ್ಡಿದೆ, ಪೇಟೆ ತುಂಬ ಫ್ಲೆಕ್ಸಿಗೆ ದುಡ್ಡಿದೆ. ಓರೆ ಕಟ್ಟಿಗೆ, ಬೋಲ್ಟಿಗೆ, ಬಾಗಿಲಲ್ಲಿ ಒಂದು ಆಂಬುಲೆನ್ಸಿಗೆ ಇಲ್ಲವೇ? ನಮ್ಮ ಉಪ್ಪ ಈ ಪಂದ್ಯಕ್ಕೆ 500 ರೂಪಾಯಿ ಕೊಟ್ಟು ರಸೀದಿ ತೆಗೆದುಕೊಂಡಿದ್ದಾರೆ. ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆಯಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಜಗಳಕ್ಕೆ ಬರುವವರು, ಮಕ್ಕಳನ್ನು ಹತ್ತಿಸುವ ಗ್ಯಾಲರಿಯ ಬಗ್ಗೆ ಒಂದು ಪ್ರಶ್ನೆ ಕೇಳುವುದಿಲ್ಲ. (ಆ ಗ್ಯಾಲರಿಯಲ್ಲಿ ಅಕ್ಕನಿಗೆ ಕೂರಲು ಜಾಗವೇ ಇಲ್ಲ, ಪಕ್ಕದ ಮನೆಯ ತಾರಸಿಯಿಂದ ನೋಡಬೇಕು. ಅದು ಇನ್ನೊಂದು ಜಗಳ, ಇನ್ನೊಮ್ಮೆ ಬರೆಯುತ್ತೇನೆ.)

ಸೆವೆನ್ಸ್ ದೊಡ್ಡ ಫೆಡರೇಶನ್ನಿನ ಲೆಕ್ಕಕ್ಕೆ ಬರುವ ಆಟ ಅಲ್ಲ, ಲೀಗಿನ ಹೊರಗಿನದು. ಹಾಗಿರುವುದೇ ಚಂದ ಎನ್ನುವವನು ನಾನು. 2016ರ ಐಎಸ್‌ಎಲ್ ಫೈನಲಿನಲ್ಲಿ ನಮ್ಮ ಜಿಲ್ಲೆಯ ತ್ರಿಕರಿಪುರದ ಮುಹಮ್ಮದ್ ರಾಫಿ ತಲೆಯಿಂದ ಗೋಲು ಹೊಡೆದಾಗ ಉಪ್ಪ ಗಿರಾಕಿಯನ್ನು ಬಿಟ್ಟು ಟಿವಿಯ ಮುಂದೆ ಕುಣಿದಿದ್ದರು. ನಮ್ಮ ಹುಡುಗರಿಗೆ ಆಟದ ಹುಚ್ಚು ಹತ್ತುವುದು ಇಂಥ ಗದ್ದೆಗಳಲ್ಲೇ. ಆದರೆ ಮೇಲೆ ಕೇಳುವವರು ಯಾರೂ ಇಲ್ಲ ಎಂದಾದರೆ ಕೇಳಬೇಕಾದವರು ನಾವೇ ಅಲ್ಲವೇ?

ಟಿಕೆಟು ಕೊಳ್ಳುವ ಮೊದಲು ಕಮಿಟಿಯವರನ್ನು ಕೇಳಿ: ಗ್ಯಾಲರಿಯಲ್ಲಿ ಎಷ್ಟು ಜನರಿಗೆ ಜಾಗ, ಎಷ್ಟು ಟಿಕೆಟು ಮಾರಿದ್ದೀರಿ, ಕಟ್ಟಿದವನು ಯಾರು, ಆಮೇಲೆ ನೋಡಿದವನು ಯಾರು? ಉತ್ತರ ಸಿಗದಿದ್ದರೆ ರೋಗಿಯ ಹಣವನ್ನು ಅವನ ಮನೆಗೇ ಹೋಗಿ ಕೊಡಿ, ಆಟವನ್ನು ನೆಲದ ಮೇಲೆ ನಿಂತು ನೋಡಿ.

ಫೈನಲ್ ಈ ಶನಿವಾರ. ಸಂಜೆ ನಾಲ್ಕಕ್ಕೆ ಟೇಪು, ಸ್ಪ್ಯಾನರು, ಒಂದು ಚೀಲ ಬೋಲ್ಟು ಹಿಡಿದುಕೊಂಡು ಗದ್ದೆಯಲ್ಲಿರುತ್ತೇನೆ, ಕೂಲಿ ಬೇಡ. ಕಾಕನಿಗೂ ಹೇಳಿದ್ದೇನೆ. "ನೋಡುವ" ಅಂದಿದ್ದಾರೆ.